ಸಿಕ್ಸ್‌ಟೆನ್ ಬಣ್ಣ ಬಳಿದ ಸ್ಟಾರ್ಟರುಗಳು

ಗ್ರಾನ್‌ಸೆಲೆ
ಫೆಬ್ರವರಿ 24, 1983, ಗುರುವಾರ

ಪ್ರೀತಿಯ ಅಪ್ಪಾ,

ಕಾಲು ಹೇಗಿದೆ? ರಾಡ್ ಹಾಕಿದ ಜಾಗದಲ್ಲಿ ಇನ್ನೂ ಸೆಳೆತ ಇದೆಯಾ, ನಿದ್ದೆ ಬರುತ್ತಾ? ಆಸ್ಪತ್ರೆ ಕಾಫಿ ಪಾತ್ರೆ ತೊಳೆದ ನೀರಿನ ಹಾಗಿದೆ ಅಂತ ಬರೆದಿದ್ದೆಯಲ್ಲ, ಅದಕ್ಕೇ ಮನೆಯ ಪುಡಿ ಕಟ್ಟಿ ಕಳಿಸ್ತಿದೀನಿ. ಕಾಫಿಗೆ ಹಾಕಿಕೊಳ್ಳೋ ಗಿಣ್ಣೂ ಅದರಲ್ಲೇ ಇದೆ, ಒಬ್ಬನೇ ತಿಂದು ಮುಗಿಸಬೇಡ, ಪಕ್ಕದ ಮಂಚದವರಿಗೂ ಕೊಡು. ನಡೆಸೋಕೆ ಬರೋ ಹುಡುಗಿಯ ಮೇಲೆ ರೇಗ್ತೀಯಂತೆ, ನರ್ಸು ಹೇಳಿದರು. ಅವಳು ಹೇಳಿದ ಹಾಗೆ ಕೇಳು. ನಾನು ಚೆನ್ನಾಗಿದೀನಿ. ಚಾವಣಿಯ ಹಿಮ ಎಲ್ಲಾ ಇಳಿಸಿದೆ, ಸೌದೆ ಏಪ್ರಿಲ್ ತನಕ ಬರುತ್ತೆ. ನಿನ್ನ ಶೆಡ್ಡಿನಲ್ಲಿ ಒಂದು ಪಾನಾನೂ ಜಾಗ ಬಿಟ್ಟು ಕದಲಿಲ್ಲ. ಕದಲಿದ್ದನ್ನೆಲ್ಲ ತಿರುಗಿ ಅಲ್ಲೇ ಇಟ್ಟಿದೀನಿ.

ಈಗ ಸುದ್ದಿ. ನಿನ್ನ ಹಳೇ ಧಣಿ ಸಿಕ್ಸ್‌ಟೆನ್ ಬಾಯಿ ಮುಚ್ಚಿಸಿದೆ ಅಪ್ಪಾ, ಇಡೀ ಊರಿನ ಎದುರು. ಮೊದಲಿಂದ ಬರೀತೀನಿ. ಅರ್ಧ ನಿನಗೆ ಗೊತ್ತಿರೋದೇ, ಆದರೂ ಬರೀತೀನಿ, ಯಾಕಂದ್ರೆ ಅದನ್ನ ಮನಸ್ಸಿನಲ್ಲಿ ತಿರುಗಾಮುರುಗಾ ಹೇಳಿಕೊಂಡೇ ನಾನು ಈ ಚಳಿಗಾಲ ಕಳೆದಿದ್ದು. ಶರತ್ಕಾಲದ ಕೊನೆಗೆ ಸೂಲಗಿತ್ತಿ ಮೈಕೆನ್ ತಮ್ಮ ಕಾರು ತಂದು ನಿನ್ನ ಶೆಡ್ಡಲ್ಲಿ ನಿಲ್ಲಿಸಿ, ಎಂಜಿನ್ ಹತ್ತಿದ ಮೇಲೂ ಏನೋ ಕಿರುಚುತ್ತೆ, ಸ್ವಲ್ಪ ಕೇಳಿ ನೋಡಿ ಅಂದರು. ನೀನು ಒಂದೇ ಸಲ ಕೇಳಿ, ಸ್ಟಾರ್ಟರ್ ಹಲ್ಲು ಹಿಡಿತ ಬಿಡ್ತಿಲ್ಲ, ಇದನ್ನ ಕೂರಿಸಿದ್ದು ಯಾರು ಅಂದೆ. ಸಿಕ್ಸ್‌ಟೆನ್ ಗ್ಯಾರೇಜಿನಲ್ಲಿ, ಹೊಸದು, ಅಂದರು ಅವರು. ಮೈಕೆನ್, ನಾನು ಇಬ್ಬರೂ ಕಾಫಿಗೆ ಅಂತ ಒಳಗೆ ಬಂದೆವು. ನೀನು ಬ್ಯಾಟರಿ ತಂತಿ ಬಿಚ್ಚಿ, ತುಕ್ಕು ಉಜ್ಜಿ, ತಿರುಗಿ ಬಿಗಿದೆ. ಕೀಲಿ ಮುಟ್ಟಲಿಲ್ಲ. ಸ್ಟಾರ್ಟರ್ ತಾನಾಗೇ ತಿರುಗಿತು. ಹ್ಯಾಂಡ್‌ಬ್ರೇಕ್ ಹೆಪ್ಪುಗಟ್ಟುತ್ತೆ ಅಂತ ಇಲ್ಲಿ ಎಲ್ಲರೂ ಮಾಡೋ ಹಾಗೆ ಮೈಕೆನ್ ಕಾರನ್ನ ಗೇರಿನಲ್ಲೇ ಬಿಟ್ಟಿದ್ದರು. ಅದು ಮುಂದಕ್ಕೆ ಹಾರಿ ನಿನ್ನನ್ನ ಗೋಡೆಗೆ ಒತ್ತಿತು. ನಿನ್ನ ಕೂಗು ನನ್ನ ಕಿವಿಯಲ್ಲಿ ಇನ್ನೂ ಇದೆ, ಅದನ್ನ ಬರೆಯೋದಿಲ್ಲ.

ನಿನ್ನನ್ನ ಆಂಬುಲೆನ್ಸಿನಲ್ಲಿ ಮಲಗಿಸೋ ಹೊತ್ತಿಗೇ ಸಿಕ್ಸ್‌ಟೆನ್ ಬಂದು, ಸಹಾಯ ಮಾಡೋನ ಹಾಗೆ ಕಾರನ್ನ ಎಳೆದುಕೊಂಡು ಹೋದ. ವಾಪಸು ಕೊಡುವಾಗ, ಎಲ್ಲಾ ಸರಿಯಾಗೇ ಇದೆ, ಏನೂ ದೋಷ ಇಲ್ಲ ಅಂದ. ಆಮೇಲೆ ನಮ್ಮ ಅಂಗಡಿಯ ಕಾಫಿ ಮೇಜಿನ ಹತ್ತಿರ ಕೂತು, ಗಲ್ಲಾದಲ್ಲಿದ್ದ ನನಗೂ ಕೇಳಿಸಲಿ ಅಂತಲೇ, ಮೆತ್ತಗೆ, ಮರುಕದ ದನಿಯಲ್ಲಿ ಹೇಳಿದ: "ಪಾಪ ಆಲ್ಗೊಟ್. ಕಿವಿ ಹೋಗಿದೆ ಮಾರಾಯ. ಕಿಟಕಿಯಿಂದ ಕೈ ಹಾಕಿ ತಾನೇ ಕೀಲಿ ತಿರುಗಿಸಿದಾನೆ, ಅದೂ ನೆನಪಿಲ್ಲ." ಜನ ತಲೆ ಆಡಿಸಿದರು. ನಿನ್ನ ಕಾಲು ಮುರಿದಿದ್ದಕ್ಕಿಂತ ಹೆಚ್ಚು ನೋವು ನನಗೆ ಆ ತಲೆ ಆಡಿಸಿದ್ದರಲ್ಲಿ ಆಯ್ತು. ಇಪ್ಪತ್ತು ವರ್ಷ ಅವನ ಗ್ಯಾರೇಜಿನ ಹೆಸರು ಉಳಿಸಿದ್ದೇ ಆ ಕಿವಿ. ಅವತ್ತೇ ತೀರ್ಮಾನ ಮಾಡಿದೆ, ಇವನನ್ನ ಬಿಡಬಾರದು ಅಂತ.

ಗಲ್ಲಾದಲ್ಲಿ ಕೂತವಳಿಗೆ ಕೆಲಸ ಏನು ಹೇಳು, ಸಾಮಾನಿನ ಬೆಲೆ ಒತ್ತೋದು, ಬಾಗಿಲ ಆಚೆ ಶುರುವಾಗೋ ಕಾರುಗಳನ್ನ ಕೇಳೋದು. ಟಕ್ ಟಕ್ ಅಂದರೆ ಬ್ಯಾಟರಿ ಸೋತಿದೆ. ಬರೀ ಗುಯ್ ಅಂದರೆ ಹಲ್ಲು ಕೂಡ್ತಿಲ್ಲ. ಅದೆಲ್ಲ ಚಳಿಯ ಊರಿನಲ್ಲಿ ದಿನಾ ಇದ್ದದ್ದೇ. ಆದರೆ ಇನ್ನೊಂದು ದನಿ ಬರ್ತಿತ್ತು. ಎಂಜಿನ್ ಹತ್ತಿದ ಮೇಲೆ, ತಗಡನ್ನ ಮಂಜುಗಡ್ಡೆ ಮೇಲೆ ಎಳೆದ ಹಾಗೆ ಒಂದು ಸಣ್ಣ ಕಿರುಚು. ಬಂದಾಗೆಲ್ಲ, ಸ್ಟಾರ್ಟರ್ ಎಲ್ಲಿ ಹಾಕಿಸಿದ್ದು ಅಂತ ಸುಮ್ಮನೆ ಮಾತಿಗೆ ಅನ್ನೋ ಹಾಗೆ ಕೇಳ್ತಿದ್ದೆ. ಒಬ್ಬರ ಬಾಯಲ್ಲೂ ಬೇರೆ ಹೆಸರು ಬರಲಿಲ್ಲ.

ಒಂದು ದಿನ ಮೈಕೆನ್ ಕಾರೂ ಹಾಗೇ ಕಿರುಚಿತು. ಆವತ್ತು ಕಾರು ಎಳೆದುಕೊಂಡು ಹೋದಾಗ ಸಿಕ್ಸ್‌ಟೆನ್ ಹಳೇ ಸ್ಟಾರ್ಟರ್ ತೆಗೆದು ಬದಲಿಗೆ ಹಾಕಿದ್ದೂ ಅಂಥದ್ದೇ ಅಂತಾಯ್ತು. ಅವರನ್ನ ಕರೆದುಕೊಂಡು ಶೆಡ್ಡಿಗೆ ಬಂದೆ, ಮೊದಲು ಬ್ಯಾಟರಿ ತಂತಿ ಬಿಚ್ಚಿ, ಆಮೇಲೆ ಕಾರಿನ ಕೆಳಗೆ ತೂರಿದೆ. ಮೈಕೆನ್ ಟಾರ್ಚ್ ಹಿಡಿದು ಅಳೋಕೆ ಶುರು ಮಾಡಿದರು. "ನಾನೂ ಅವನ ಮಾತು ನಂಬಿಬಿಟ್ಟೆ, ನಿಮ್ಮಪ್ಪನಿಗೆ ಹೇಗೆ ಮುಖ ತೋರಿಸಲಿ" ಅಂದರು. "ಮುಖ ಆಮೇಲೆ ತೋರಿಸೋರಂತೆ, ಈಗ ಟಾರ್ಚ್ ತೋರಿಸಿ" ಅಂದೆ. ಸ್ಟಾರ್ಟರ್ ಕಳಚಿ ತೆಗೆದೆ, ಹೊರಗೆ ಹೊಸ ಬೂದು ಬಣ್ಣ. ಬಿಚ್ಚಿದರೆ ಒಳಗಿನ ತಾಮ್ರದ ಬಿಲ್ಲೆ ಸುಟ್ಟು ಕರ್ರಗಾಗಿತ್ತು, ಅದನ್ನೇ ಅರದಲ್ಲಿ ಉಜ್ಜಿ ತಿರುಗಿಸಿ ಹಾಕಿದ್ದ. ಅಂಥದ್ದು ಕಾದರೆ ಅಂಟಿಕೊಳ್ಳುತ್ತೆ, ಅಂಟಿಕೊಂಡರೆ ಕರೆಂಟು ಹರೀತಾನೇ ಇರುತ್ತೆ, ಕೀಲಿ ಬೇಕಾಗೇ ಇಲ್ಲ. ಹೊರಗಿನ ಬಣ್ಣ ಒಂದು ಕಡೆ ಉಬ್ಬಿತ್ತು. ಚಾಕುವಿನಿಂದ ಕೆರೆದೆ. ಪುಟ್ಟಿ ಉದುರಿತು. ಅದರ ಕೆಳಗೆ ಉಳಿಯಲ್ಲಿ ಅಡ್ಡಡ್ಡ ಎರಡು ಗೀಟು ಹೊಡೆದ ಕತ್ತರಿ ಗುರುತು. ನಿನ್ನದು, ಅಪ್ಪಾ. ಇದನ್ನ ಇನ್ನು ಯಾರೂ ಕಾರಿಗೆ ಹಾಕಬಾರದು ಅಂತ ಗುಜರಿಗೆ ಎಸೆಯೋ ಮುಂಚೆ ನೀನು ಹೊಡೀತಿದ್ದ ಗುರುತು. ನೀನು ಸತ್ತಿದೆ ಅಂತ ಹೇಳಿ ಎಸೆದದ್ದನ್ನೆಲ್ಲ ಅವನು ಎತ್ತಿಟ್ಟುಕೊಂಡು, ನೀನು ಕೆಲಸ ಬಿಟ್ಟ ಮೇಲೆ ಬಣ್ಣ ಬಳಿದು ಊರಿಗೆ ಹೊಸದು ಅಂತ ಮಾರಿದಾನೆ.

ಮೈಕೆನ್ ನೇರ ಪೊಲೀಸರ ಹತ್ತಿರ ಹೋಗೋಣ ಅಂದರು. ನಾನು ಬೇಡ ಅಂದೆ. ನಿನ್ನನ್ನ ಅವನು ನಾಲ್ಕು ಜನರ ಎದುರು ಕಿವುಡ ಮಾಡಿದ್ದ. ಅವನಿಗೂ ನಾಲ್ಕು ಜನರ ಎದುರೇ ಆಗಬೇಕಿತ್ತು.

ಕೆರೆಯ ಮೇಲೆ ಮಂಜು ಕೊರೆದು ಮೀನು ಹಿಡಿಯೋ ಪಂದ್ಯ ಕಳೆದ ಭಾನುವಾರ ಇತ್ತು. ಬಹುಮಾನ ಕೊಡೋನು ಸಿಕ್ಸ್‌ಟೆನ್ನೇ, ನರಿ ತುಪ್ಪಳದ ಟೋಪಿ ಹಾಕಿಕೊಂಡು ಮೇಜಿನ ಹಿಂದೆ ನಿಂತಿದ್ದ. ಎಲ್ಲರ ಕಾರೂ ದಡದಲ್ಲಿ ಸಾಲಾಗಿ ಇಡೀ ದಿನ ಮರಗಟ್ಟಿದ್ದವು. ಬಹುಮಾನ ಮುಗಿದು ಜನ ಹೊರಡೋ ಹೊತ್ತಿಗೆ ನಾನು ಮೇಜಿನ ಹತ್ತಿರ ಹೋಗಿ, ಎಲ್ಲರಿಗೂ ಒಂದು ಮಾತು, ಕಾರುಗಳನ್ನ ಒಂದೊಂದಾಗಿ ಶುರು ಮಾಡಿ, ನಾನು ಬೆನ್ನು ತಿರುಗಿಸಿ ನಿಲ್ತೀನಿ ಅಂದೆ. ಜನಕ್ಕೆ ಮೋಜು ಅನ್ನಿಸಿತು. ಕೆರೆ ಕಡೆ ಮುಖ ಮಾಡಿ ನಿಂತೆ. ಮೊದಲನೇದು ಸುಮ್ಮನೆ ಹತ್ತಿತು. ಎರಡನೇದು ಕಿರುಚಿತು. "ಇದು ಸಿಕ್ಸ್‌ಟೆನ್‌ದು" ಅಂದೆ. ಇನ್ನೊಂದು ಕಿರುಚಿತು. ಇದೂ ಅವನದೇ ಅಂದೆ. ಹೌದು ಹೌದು ಅಂತ ಕಾರಿನೊಳಗಿಂದಲೇ ಒಪ್ಪಿಕೊಂಡರು. ಮರದ ಲಾರಿ ಓಡಿಸ್ತಿದ್ದ ಮುದುಕ ಏವರ್ಟ್ ಇದ್ದಾನಲ್ಲ, ಅವನ ಕಾರಂತೂ ಹಂದಿ ಹಿಡಿದ ಹಾಗೆ ಅರಚಿತು. ಅಷ್ಟು ಹೊತ್ತಿಗೆ ಯಾರೂ ನಗ್ತಿರಲಿಲ್ಲ.

ಸಿಕ್ಸ್‌ಟೆನ್ ಮಾತ್ರ ನಕ್ಕ. "ಅಪ್ಪನ ಕಿವಿ ಹೋಯ್ತು, ಈಗ ಮಗಳಿಗೆ ಇಲ್ಲದ್ದೆಲ್ಲ ಕೇಳಿಸ್ತಿದೆ" ಅಂದ. ನಾನು ಚೀಲದಿಂದ ಸ್ಟಾರ್ಟರ್ ತೆಗೆದು ಬಹುಮಾನದ ಮೇಜಿನ ಮೇಲೆ ಇಟ್ಟೆ, ಕತ್ತರಿ ಗುರುತು ಮೇಲೆ ಬರೋ ಹಾಗೆ. ಆ ಗುರುತು ಗೊತ್ತಿಲ್ಲದ ಗಂಡಸು ಈ ಊರಲ್ಲಿಲ್ಲ. ಅವನು ಅದಕ್ಕೂ ಸೋಲಲಿಲ್ಲ. ಇದನ್ನ ನೀನೇ ಕೆತ್ತಿರಬೇಕು ಅಂದ.

ಆಗ ಏವರ್ಟ್ ತನ್ನ ಎಂಜಿನ್ ಆರಿಸಿ ಕೆಳಗಿಳಿದು ಬಂದ. ಮೀನು ಕೊಯ್ಯೋ ಚಾಕು ತೆಗೆದು ಅದರ ಹಿಡಿಯನ್ನ ಸಿಕ್ಸ್‌ಟೆನ್ ಕಡೆ ಮಾಡಿ ಚಾಚಿದ. "ಹಾಗಾದ್ರೆ ನನ್ನ ಕಾರಿಂದು ಈಗಲೇ ಬಿಚ್ಚೋಣ. ಬಣ್ಣ ನೀನೇ ಕೆರಿ" ಅಂದ.

ಸಿಕ್ಸ್‌ಟೆನ್ ಚಾಕು ತಗೊಳ್ಳಲಿಲ್ಲ. ಏವರ್ಟ್ ಕೈ ಇಳಿಸಲೂ ಇಲ್ಲ. ಕೊನೆಗೆ ಸಿಕ್ಸ್‌ಟೆನ್ ಟೋಪಿ ಕಿವಿ ಮೇಲೆ ಎಳೆದುಕೊಂಡು ಮೇಜು ಸುತ್ತಿ ದಡದ ಕಡೆ ನಡೆದ. ಜನ ದಾರಿ ಬಿಟ್ಟರು. ಅವನ ಹೆಂಡತಿ ಗುಡ್ರುನ್ ಕಾಫಿ ಫ್ಲಾಸ್ಕುಗಳನ್ನ ಎತ್ತಿಕೊಂಡು ಹಿಂದೆ ಹಿಂದೆ ಓಡಿದರು. ಅವರನ್ನ ನೋಡಿ ಸ್ವಲ್ಪ ಚುರುಕ್ ಅಂತು, ಸುಳ್ಳು ಯಾಕೆ ಹೇಳಲಿ. ಆದರೆ ಅವನನ್ನ ನೋಡಿ ಏನೂ ಅನ್ನಿಸಲಿಲ್ಲ. ಮನೆಗೆ ಬಂದು ಆಲೂಗಡ್ಡೆ ಕಡುಬು ಬೇಯಿಸಿ, ಬೆಣ್ಣೆ ಹಾಕಿಕೊಂಡು ಹೊಟ್ಟೆ ತುಂಬ ತಿಂದೆ. ಶರತ್ಕಾಲದಿಂದ ಈಚೆಗೆ ರುಚಿ ಅಂತ ತಿಂದಿದ್ದು ಅದೇ ಮೊದಲು.

ಸೋಮವಾರ ಪೊಲೀಸ್ ಬಂದು ಸ್ಟಾರ್ಟರ್ ತಗೊಂಡು ಹೋದ. ಸಿಕ್ಸ್‌ಟೆನ್ ಎಲ್ಲಾ ಒಪ್ಪಿಕೊಂಡನಂತೆ, ನಿನ್ನ ವಿಷಯವೂ. ಗ್ಯಾರೇಜಿಗೆ ಬೀಗ ಬಿದ್ದಿದೆ. ಅಂಗಡಿಯಲ್ಲಿ ಈಗ ಎಲ್ಲರೂ ಆಲ್ಗೊಟ್ ಕಿವಿ ಅಂದರೆ ಕಿವಿ ಅಂತಿದಾರೆ, ತಲೆ ಆಡಿಸಿದ್ದ ಅದೇ ಜನ. ನಾನು ಚಿಲ್ಲರೆ ಎಣಿಸಿ ಕೊಡ್ತೀನಿ, ಅಷ್ಟೇ.

ಮೈಕೆನ್ ಮುಂದಿನ ವಾರ ನಿನ್ನನ್ನ ನೋಡೋಕೆ ಬರ್ತಾರೆ, ಒಳ್ಳೇ ಮಾತಾಡಿಸು. ಏವರ್ಟ್ ಕೇಳಿದೆ ಅಂತ ಹೇಳು ಅಂದ. ಔಷಧಿ ತಪ್ಪಿಸಬೇಡ. ರಾತ್ರಿ ಉಣ್ಣೆ ಕಾಲುಚೀಲ ಹಾಕಿಕೋ. ನಿನ್ನ ಕೆನ್ನೆಗೊಂದು ಮುತ್ತು.

ನಿನ್ನ ಮಗಳು,
ಯುಲ್ವಾ

ಮರೆತೆ, ಟಪಾಲಿನ ಬಸ್ಸು ಬರೋದರೊಳಗೆ ಇಷ್ಟು ಬರೆದುಬಿಡ್ತೀನಿ. ಸಿಕ್ಸ್‌ಟೆನ್ ಸ್ವಂತ ಕಾರು ದಿನಾ ನಮ್ಮ ಮನೆ ಮುಂದೆ ಹಾದು ಹೋಗುತ್ತೆ. ಎಂಜಿನ್ ಅಡಿಯಿಂದ ದಪ್ಪಗೆ ಗುದ್ದೋ ಸದ್ದು, ಏರು ಹತ್ತುವಾಗ ಜೋರಾಗುತ್ತೆ. ತಳದ ಬೇರಿಂಗ್ ಹೋಗಿದೆ, ಹೆಚ್ಚು ದಿನ ತಡೆಯೋದಿಲ್ಲ. ಅವನಿಗೆ ಕೇಳಿಸ್ತಿಲ್ಲವೋ, ಕೇಳಿಸಿದರೂ ಈಗ ಮನಸ್ಸಿಲ್ಲವೋ ಗೊತ್ತಿಲ್ಲ. ಈ ಭಾನುವಾರ ಗುಡ್ರುನ್ ಅವರನ್ನ ಅವರ ತಂಗಿ ಮನೆಗೆ ಕರೆದುಕೊಂಡು ಹೋಗ್ತಾನಂತೆ, ಬೆಟ್ಟದ ಆಚೆಗೆ. ಆ ದಾರಿಯಲ್ಲಿ ಒಂದು ಮನೆ ಇಲ್ಲ, ಈ ಚಳಿಯಲ್ಲಿ ಎಂಜಿನ್ ನಿಂತರೆ ಏನಾಗುತ್ತೆ ಅಂತ ನಿನಗೆ ಹೇಳಬೇಕಾಗಿಲ್ಲ. ನಾನು ಅವನಿಗೆ ಹೇಳಿಲ್ಲ. ಹೇಳೋ ಮನಸ್ಸೂ ಇಲ್ಲ. ಅವನಿಗೆ ಹೇಳು ಅಂತ ಮಾತ್ರ ನೀನು ಹೇಳಬೇಡ ಅಪ್ಪಾ, ನೀನು ಹೇಳಿದರೆ ನಾನು ಹೋಗಿ ಹೇಳಲೇಬೇಕಾಗುತ್ತೆ. ಈ ಪತ್ರ ನಾಳೆ ಬೆಳಿಗ್ಗೆ ನಿನ್ನ ಕೈ ಸೇರುತ್ತೆ. ನಿನ್ನ ವಾರ್ಡಿನಲ್ಲಿ ಫೋನ್ ಇದೆ. ಶನಿವಾರ ನಾನು ಅಂಗಡಿಗೆ ರಜೆ ಹಾಕಿದೀನಿ, ಇಡೀ ದಿನ ಮನೆಯಲ್ಲೇ ಇರ್ತೀನಿ.