ಮೀನು ತರಬಾರದೆಂಬ ಷರತ್ತು

ಡೊಂಬಿವಲಿ

ಮಾನ್ಯ ಮೋಹನದಾಸ ರಾಯರಿಗೆ, ನಿಮ್ಮ ಮಹಡಿ ಮನೆಯ ಬಾಡಿಗೆದಾರಳ ನಮಸ್ಕಾರ.

‘ಮನೆಯೊಳಗೆ ಮೀನು ತರಬಾರದು’ ಎಂದು ಅಗ್ರಿಮೆಂಟಿನಲ್ಲಿ ಬರೆಸಿದವರು ನೀವು. ನಾನು ಆರು ಟ್ಯಾಂಕ್ ಇಟ್ಟು ಅಲಂಕಾರದ ಕ್ಲೌನ್ ಮೀನಿನ ಮರಿ ಮಾಡಿಸತೊಡಗಿದಾಗ ನೋಡಿಯೂ ಸುಮ್ಮನಿದ್ದಿರಿ. ಭಾನುವಾರ ಕರೆಂಟ್ ಹೋಗಿ ಟ್ಯಾಂಕುಗಳಿಗೆ ಗಾಳಿ ನಿಂತಾಗ ಕೆಳಗಿನ ನಿಮ್ಮ ಸಸ್ಯಾಹಾರಿ ಹೋಟೆಲಿನ ಇನ್ವರ್ಟರನ್ನೇ ಮೇಲೆ ಹೊರಿಸಿದಿರಿ. ಗಿರಾಕಿಗಳು ಬೆವರಿದರಂತೆ. ಮರಿಗಳು ಬದುಕಿದವು.

ನಿನ್ನೆ ಮರಿ ಕೊಳ್ಳಲು ಬಂದ ಅಕ್ವೇರಿಯಂ ಅಂಗಡಿಯ ಹಿತೇಶರನ್ನು ಮೆಟ್ಟಿಲಲ್ಲೇ ತಡೆದು, “ಸಾಕ್ಲಿಕ್ಕೇ ತಾನೆ? ತಿನ್ಲಿಕ್ಕೆ ಅಲ್ಲವಲ್ಲ?” ಎಂದು ಕೇಳಿ, ದೇವರಾಣೆ ಹಾಕಿಸಿಯೇ ಬಿಟ್ಟಿರಂತೆ.

ಒಂದು ವಿನಂತಿ. ಹೊಸ ಅಗ್ರಿಮೆಂಟಿನಲ್ಲೂ ಆ ಷರತ್ತು ಹಾಗೆಯೇ ಇರಲಿ. ಈಗ ನನ್ನ ಗಂಟಲಲ್ಲೂ ಮೀನು ಇಳಿಯುವುದಿಲ್ಲ. ಅಮ್ಮ ಊರಿನಿಂದ ಬಂಗುಡೆ ಮೀನು ತಂದಾಗ ತೋರಿಸಲು ನನಗೊಂದು ಕಾಗದ ಬೇಕು.

ನಿಮ್ಮ ಉಪಕಾರ ಮರೆಯದ,
ಜಯಲತಾ