ಅಂಗಡಿ ಕಿಟಕಿಯಲ್ಲಿ ನನ್ನ ಚಪ್ಪಲಿ

೩ ನವೆಂಬರ್ ೧೭೯೧, ಗುರುವಾರ

ಇವತ್ತೂ ಚಪ್ಪಲಿ ತಣ್ಣಗಿತ್ತು.

ಮದುವೆಯಾದಾಗಿನಿಂದ ಒಂದು ಚಳಿಗಾಲವೂ ತಪ್ಪಿರಲಿಲ್ಲ. ಊಟವಾದ ಮೇಲೆ ಇವರು ನನ್ನ ಬಟ್ಟೆಯ ಚಪ್ಪಲಿಗಳನ್ನು ಕೋಟಿನೊಳಗೆ, ಹೊಟ್ಟೆಗೆ ಒತ್ತಿಕೊಂಡು ಬೆಂಕಿಯೆದುರು ಕೂರುತ್ತಿದ್ದರು. ಚಳಿಗೆ ನನ್ನ ಕಾಲ್ಬೆರಳು ಊದುತ್ತವೆ, ಅದಕ್ಕೆ. ಆಳುಗಳಿಗೂ ಗೊತ್ತಿಲ್ಲ. ಈ ವರ್ಷ ಮರೆತಿದ್ದಾರೆ. ಕೇಳಲಾರೆ... ಕೇಳಿ ಪಡೆಯುವಂಥದ್ದಲ್ಲ ಅದು.

ಬೆಳಗ್ಗೆ ಮತ್ತೆ ಮಿಸೆಸ್ ಸ್ಪ್ರಾಟ್‌ಳ ಚಿತ್ರದಂಗಡಿಯ ಕಿಟಕಿ ನೋಡಿ ಬಂದರು.

"ಯಾರ್ ಯಾರಿದ್ರು ರೀ?"

"ಯಾರೋ ಹೊಸಬರು. ನಾನಿಲ್ಲ ಕಣೇ."

ಕುರಿಮಾಂಸ ಹಾಗೇ ಬಿಟ್ಟು ಎದ್ದರು.

ದೊಡ್ಡವರನ್ನು ಗೇಲಿ ಮಾಡುವ ಚಿತ್ರಗಳನ್ನು ತೂಗುಹಾಕುವ ಕಿಟಕಿ ಅದು; ಒಂದು ಕಾಲಕ್ಕೆ ಅಲ್ಲಿ ಇವರಿಲ್ಲದ ವಾರವೇ ಇರಲಿಲ್ಲ. ಬಾತುಕೋಳಿಗೆ ತೆರಿಗೆ ಹಾಕಬೇಕೆಂದು ಪಾರ್ಲಿಮೆಂಟಿನಲ್ಲಿ ಒಮ್ಮೆ ಎದ್ದು ನಿಂತು ಮಾತಾಡಿದ್ದೇ ತಪ್ಪಾಯಿತು. ಅವತ್ತಿನಿಂದ ಪ್ರತಿ ಚಿತ್ರದಲ್ಲೂ ಇವರ ಕಂಕುಳಲ್ಲೊಂದು ಬಾತುಕೋಳಿ. ಅದು ಕಂಡರೆ ಸಾಕು, ಸರ್ ಆಂಬ್ರೋಸ್ ಟಿಲೆಟ್ ಎಂದು ಊರಿಗೆಲ್ಲ ಗೊತ್ತು. ಚಿತ್ರ ಮನೆಗೆ ಬಂದರೆ ನಾನು ಬೆಂಕಿಗೆ ಹಾಕುತ್ತಿದ್ದೆ. ಇವರು ನಕ್ಕು ಇನ್ನೊಂದು ತರುತ್ತಿದ್ದರು. ಪದವಿ ಹೋಯಿತು, ಚಿತ್ರವೂ ನಿಂತಿತು. ನನಗೇನೋ ನೆಮ್ಮದಿ ಎಂದುಕೊಂಡಿದ್ದೆ.

೫ ನವೆಂಬರ್, ಶನಿವಾರ

ವರ್ಷಕ್ಕೊಮ್ಮೆ ಬರುವ ಬೊಂಬೆ ಸುಡುವ ಹಬ್ಬ. ಬೀದಿ ತುಂಬ ಹುಡುಗರು, ಸುಡಲು ಹುಲ್ಲಿನ ಬೊಂಬೆಗಳು. ಹಿಂದೊಂದು ವರ್ಷ ಇವರದೇ ಬೊಂಬೆ ಸುಟ್ಟಾಗ ನಾನು ಅತ್ತಿದ್ದೆ. ಇವತ್ತು ಇವರು ಕಿಟಕಿಯಲ್ಲಿ ನಿಂತು ಕಾದರು. ಬೊಂಬೆಗಳು ಹೋದವು. ಯಾವುದರ ಕಂಕುಳಲ್ಲೂ ಬಾತುಕೋಳಿ ಇಲ್ಲ.

"ಸುಡೋಕೂ ಬೇಡವಾದೆ ಕಣೇ, ಲೆಟಿ."

ತಮಾಷೆಗೆ ಹೇಳಿದ್ದು. ದನಿ ತಮಾಷೆಯದಾಗಿರಲಿಲ್ಲ.

ಡಾಕ್ಟರು ನರ ಕೊಯ್ದು ಕೆಟ್ಟ ರಕ್ತ ಹರಿಸಿ ನೋಡಿದ್ದಾಯಿತು. ರೋಗವಿಲ್ಲವಂತೆ. ಕೋಟು ಮೈಮೇಲೆ ಜೋಲುತ್ತಿದೆ. ಹೀಗೇ ಊಟ ಬಿಟ್ಟರೆ ಇವರು ನನಗೆ ಉಳಿಯುವುದಿಲ್ಲ. ಭಯವಾಗುತ್ತಿದೆ.

೯ ನವೆಂಬರ್, ಬುಧವಾರ

ಹೋಗಿಬಂದೆ. ಮಿಸೆಸ್ ಸ್ಪ್ರಾಟ್‌ಳ ಅಂಗಡಿಗೆ, ಹಿಂಬಾಗಿಲಿನಿಂದ, ಮುಖಕ್ಕೆ ಪರದೆ ಇಳಿಸಿಕೊಂಡು.

"ನಮ್ಮೋರ್‌ದು ಬಿಡಿಸ್ಬೇಡಿ ಅಂತ ಅಳ್ತಾ ಬರೋರು ಬೇಕಾದಷ್ಟು ಜನ," ಎಂದಳು ಆಕೆ. "ಬಿಡಿಸಿ ಅಂತ ಬಂದಿರೋರು ನೀವೇ ಮೊದಲು, ಅಮ್ಮಾವ್ರೇ!"

ಚಿತ್ರಕಾರ ಹಸ್ಕಿನ್ ಒಳಗಿನಿಂದ ಬಂದ. ಬೆರಳ ತುಂಬ ಆಸಿಡ್ ಕಲೆ. ಚಿತ್ರ ಕೊರೆಯುವ ತಾಮ್ರದ ತಗಡು ಒರೆಸುತ್ತಲೇ ಕೇಳಿದ, "ಸಾಹೇಬ್ರು ಈಚೆಗೆ ಏನ್ ಮಾಡಿದ್ರು?"

"ಏನೂ ಇಲ್ಲ."

"ಏನೂ ಮಾಡ್ದಿರೋರನ್ನ ಹೆಂಗಮ್ಮಾ ಬಿಡಿಸ್ಲಿ? ಬಾತುಕೋಳಿ ಹಳೇದಾಯ್ತು. ಹೊಸ ಹುಚ್ಚಾಟ ಒಂದು ಕೊಡಿ. ಯಾರಿಗೂ ಗೊತ್ತಿಲ್ದಿರೋದು."

ಯೋಚಿಸಿದೆ. ಕುಡಿಯುವುದಿಲ್ಲ, ಜೂಜಿಲ್ಲ, ಬೇರೆ ಹೆಣ್ಣಿಲ್ಲ. ಏನಿದೆ ಕೊಡಲು... ಪರದೆ ಎತ್ತಿ ಹೇಳಿಬಿಟ್ಟೆ. ಚಪ್ಪಲಿಯ ವಿಷಯ.

ಹಸ್ಕಿನ್ ನಗಲಿಲ್ಲ. ನನ್ನ ಮುಖವನ್ನೇ ತುಂಬ ಹೊತ್ತು ನೋಡಿದ. ಮನಸ್ಸು ಕರಗಿತೇನೋ ಎಂದುಕೊಂಡೆ.

ದಾರಿಯುದ್ದಕ್ಕೂ ಅಂಗಡಿಯಲ್ಲಿ ಏನೋ ಮರೆತು ಬಂದ ಹಾಗೆ. ಕೈಗವಸು ಇತ್ತು, ಚೀಲವೂ ಇತ್ತು.

೨೧ ನವೆಂಬರ್, ಸೋಮವಾರ, ಮಧ್ಯಾಹ್ನ

ಕೆಲಸದ ಹುಡುಗಿ ಡಾರ್ಕಸ್ ಏದುಸಿರು ಬಿಡುತ್ತ ಬಂದಳು. "ಅಮ್ಮಾವ್ರೇ, ಯಜಮಾನ್ರು ಕಿಟಕೀಲಿದಾರೆ! ಜನ ಅಂದ್ರೆ ಜನ!"

ಇವರು ಹ್ಯಾಟೂ ಇಲ್ಲದೆ ಓಡಿದರು. ಹಿಂದೆ ನಾನು.

ಚಿತ್ರದಲ್ಲಿ ಇವರ ಹೊಟ್ಟೆ ಇದ್ದದ್ದಕ್ಕಿಂತ ದುಪ್ಪಟ್ಟು, ಮೂಗು ಅದಕ್ಕೂ ಜಾಸ್ತಿ. ಕೋಟಿನೊಳಗೆ ಬಾತುಕೋಳಿ ಚಪ್ಪಲಿಗಳ ಮೇಲೆ ಕಾವಿಗೆ ಕೂತು ತಲೆ ಹೊರಹಾಕಿದೆ. ನನಗೂ ನಗು ಬಂತು. ಆಮೇಲೆ ಪಕ್ಕಕ್ಕೆ ನೋಡಿದೆ.

ನಾನು. ಕುರ್ಚಿಯಲ್ಲಿ. ಒಂದರ ಕೆಳಗೊಂದು ಗದ್ದ. ದೋಣಿಯಷ್ಟು ಪಾದಗಳನ್ನು, ಬಾತುಕೋಳಿ ಮರಿಗಳಂತೆ ಊದಿದ ಹತ್ತು ಬೆರಳುಗಳನ್ನು ಗಂಡನ ಮುಂದೆ ಚಾಚಿದ್ದೇನೆ. ಬಾಯಿಂದ ಮಾತು ಹೊರಟಿದೆ — "ನನ್ನ ಹತ್ತು ಮರಿಗೂ ಚಳಿ ಕಣ್ರೀ!"

ಅವತ್ತು ಹಸ್ಕಿನ್ ನೋಡುತ್ತಿದ್ದದ್ದು ನನ್ನ ಗದ್ದವನ್ನು. ಚಪ್ಪಲಿ ಬರೆದರೆ ಅದರೊಡತಿಯನ್ನೂ ಬರೆಯುತ್ತಾನೆ ಎಂಬುದು ನನ್ನ ದಡ್ಡ ತಲೆಗೆ ಹೊಳೆಯಲೇ ಇಲ್ಲ.

"ಅಯ್ಯಯ್ಯೋ, ಕಾಲ್ ನೋಡ್ರೇ ಕಾಲು!" ಮೀನು ಮಾರುವವಳೊಬ್ಬಳು ಕೂಗಿದಳು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಇವರು ತಮ್ಮ ಮೂಗು ನೋಡಿ ನಗುತ್ತಿದ್ದವರು ನನ್ನ ಚಿತ್ರಕ್ಕೆ ಬಂದರು. ನಗು ನಿಂತಿತು.

"ಯಾವನೋ ಅವ್ನು? ನನ್ನ ಬಾತುಕೋಳಿ ಮಾಡ್ರೋ, ಹಂದಿ ಮಾಡ್ರೋ! ಅವಳ ತಂಟೆಗೆ ಬಂದ್ರೆ—"

ಊರುಗೋಲೆತ್ತಿ ಒಂದೇ ಏಟು. ಕಿಟಕಿಯ ಗಾಜು ಪುಡಿಪುಡಿ. ಜನ ಚಪ್ಪಾಳೆ ಹೊಡೆದರು. ಇಷ್ಟು ವರ್ಷ ತಮ್ಮ ಚಿತ್ರಕ್ಕೆ ಒಂದು ದಿನವೂ ಸಿಟ್ಟಾಗದ ಮನುಷ್ಯ!

ಅದೇ ದಿನ, ಸಂಜೆ

ಹೊಟ್ಟೆ ತುಂಬ ತಿಂದರು. ಇನ್ನೊಂದು ತುಂಡು ದನದ ಮಾಂಸ ಕೇಳಿ ಹಾಕಿಸಿಕೊಂಡರು. ನನ್ನ ಸಂತೋಷ ಅಲ್ಲಿಗೇ ಮುಗಿಯಿತು.

"ಆಳುಗಳೇ ಕದ್ದು ನೋಡಿ ಹೇಳಿರೋದು. ಡಾರ್ಕಸ್‌ನ ನಾಳೇನೇ ಮನೆಯಿಂದ ಕಳಿಸ್ತೀನಿ."

ಹುಡುಗಿ ಬಾಗಿಲಲ್ಲೇ ಅಳಲು ಶುರುಮಾಡಿದಳು.

"ಅವಳಲ್ಲ ರೀ. ನಾನೇ ಹೋಗಿ ಹೇಳಿದ್ದು."

"ನೀನಾ? ಆ ಚಿತ್ರ ಕಂಡ್ರೆ ನಿಂಗಾಗಲ್ವಲ್ಲೇ!"

"ಆಗಲ್ಲ. ನೀವು ತಟ್ಟೆ ಮುಂದೆ ಸುಮ್ನೆ ಕೂತಿರೋದನ್ನ ನೋಡೋಕೆ ಇನ್ನೂ ಆಗಲ್ಲ."

ಎದ್ದು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಮ್ಮಿಬ್ಬರದೇ ಆಗಿದ್ದ ಒಂದನ್ನು ಬೀದಿಗಿಟ್ಟೆ. ಮನುಷ್ಯನನ್ನು ಉಳಿಸಿಕೊಳ್ಳಲು ಹೋಗಿ...

೨೨, ಮಂಗಳವಾರ

ಮಾತಿಲ್ಲ. ಊಟ ಮಾಡಿದರು. ಅಷ್ಟು ಸಾಕು ಎಂದುಕೊಂಡೆ. ಸಾಕಾಗಲಿಲ್ಲ.

೨೪ ನವೆಂಬರ್, ಗುರುವಾರ, ಸಂಜೆ

ಹೊಸ ಚಿತ್ರ ಬಂದಿದೆ. ಇವರೇ ತಂದು ನನ್ನ ಮೇಜಿನ ಮೇಲಿಟ್ಟರು. ಇವರು ಊರುಗೋಲು ಬೀಸುತ್ತಿದ್ದಾರೆ, ಬಾತುಕೋಳಿ ಮಿಸೆಸ್ ಸ್ಪ್ರಾಟ್‌ಳ ವಿಗ್ಗು ಕಿತ್ತುಕೊಂಡು ಹಾರಿದೆ. ನಾನಿಲ್ಲ. ಇವರ ಇನ್ನೊಂದು ಕೈಯಲ್ಲಿ ಚಪ್ಪಲಿ, ಎದೆಗವಚಿ ಹಿಡಿದದ್ದು.

"ನೀಲಿ ಬಣ್ಣ ಹಚ್ಚಿದಾನೆ. ನಿನ್ ಚಪ್ಪಲಿ ಹಸಿರು. ಅಷ್ಟೂ ದೂರ ಹೋದೋಳು ಬಣ್ಣ ಹೇಳ್ಬಾರ್ದಿತ್ತಾ?"

"ಅವನು ಕೇಳ್ಲಿಲ್ಲ ರೀ."

"ಹ್ಞೂಂ."

ಚಿತ್ರವನ್ನು ಬೆಂಕಿಗೆ ಹಾಕಲಿಲ್ಲ. ಇವರು ಕುರ್ಚಿ ಎಳೆದುಕೊಂಡು ಬೆಂಕಿಯೆದುರು ಕೂತಿದ್ದಾರೆ. ಬರೆಯಲು ಕೂತಾಗ ಹಾಸಿಗೆಯ ಬದಿ ನೋಡಿದೆ, ಚಪ್ಪಲಿ ಇರಲಿಲ್ಲ. ಕೋಟಿನ ಗುಂಡಿಗಳೆಲ್ಲ ಹಾಕಿವೆ, ಹೊಟ್ಟೆಯ ಮೇಲೆ ಉಬ್ಬಿದೆ. ಕೇಳಲಿಲ್ಲ ನಾನು. ಕಣ್ಣು ಮಂಜಾಗಿ ಸಾಲು ಸೊಟ್ಟ ಹೋಗುತ್ತಿದೆ.

"ಅದೆಷ್ಟ್ ಬರೀತೀಯೇ, ಲೆಟಿ? ಬಾ ಇಲ್ಲಿ. ಹತ್ತು ಮರೀನೂ ಕರ್ಕೊಂಡ್ ಬಾ."

ಬಂದೆ ಎಂದೆ, ಇದೊಂದು ಸಾಲು ಮುಗಿ