ಅಮಾವಾಸ್ಯೆಗೆ ಕೂತವರು

ತಂಗಿ ಶೆಟ್ಟೆವ್ವಗೆ,

ಮೂರನೇ ಇಯತ್ತೆಗೆ ಸಾಲಿ ಬಿಟ್ಟ ನನ್ನ ಕೈಯಲ್ಲಿ ಕಾರ್ಡು ಬರೆಸುತ್ತೀಯಲ್ಲ, ನಿನಗೆ ಬುದ್ಧಿ ಇಲ್ಲ. ಇಲ್ಲಿ ಆಣೆಕಟ್ಟಿನ ಕೆಲಸದಲ್ಲಿ ಸಂಜೆಗೆ ವೆಲ್ಡರನು ಕಬ್ಬಿಣಕ್ಕೆ ಕಿಡಿ ಹಚ್ಚಿದ ಕೂಡಲೇ ಹೊಳೆಯೆಲ್ಲ ನೀಲಿಯಾಗುತ್ತದೆ. ದಂಡೆಯ ಎಮ್ಮೆಗಳೂ ನೀಲಿ, ನನ್ನ ಕೈಯೂ ನೀಲಿ. ಮಂದಿ ನೀರಿನೊಳಗೆ ನಡೆದಂತೆ ಕಾಣುತ್ತಾರೆ. ನೋಡುತ್ತ ನಿಂತರೆ ಎದ್ದಿದ್ದೇನೋ ಮಲಗಿದ್ದೇನೋ ತಿಳಿಯುವುದಿಲ್ಲ.

ಮೊನ್ನೆ ಅಮಾವಾಸ್ಯೆ. ನಮ್ಮ ಪದ್ಧತಿಯಂತೆ ಕಲ್ಲು ಮುಟ್ಟದೆ, ಉಳಿಗೆ ಪೂಜೆ ಮಾಡಿ ಕೂತೆ. ಅಂದೇ ಕರೆಂಟು ಹೋಗಿ ವೆಲ್ಡರನೂ ಕೂತ. ಆ ದಿನದ ಪಗಾರ ಅವನಿಗುಂಟು, ನನಗಿಲ್ಲ. ಕೇಳಿದರೆ ಕೂಲಿ ಹಂಚುವ ಮುಕಾದಮ, "ಅಂವಾ ತಿಂಗಳ ಪಗಾರದಾಂವ, ನೀ ಕಡದ ಕಲ್ಲಿಗೆ ರೊಕ್ಕ ಎಣಿಸಾಂವ. ಅಮಾಸಿ ಪಗಾರ ನಿನ್ನ ಉಳೀನ ಕೇಳೋ ಮುದುಕಾ" ಎಂದ. ವೆಲ್ಡರನ ಕಣ್ಣಿಗೆ ಕರಿ ಗಾಜು ಕೊಟ್ಟಿದ್ದಾರೆ. ಕಲ್ಲಿನ ಚೂರು ಹಾರುವ ನಮ್ಮ ಕಣ್ಣಿಗೆ ಏನೂ ಇಲ್ಲ. ನನ್ನ ಎಡಗಣ್ಣು ಕೆಂಪಾಗಿದೆ, ಹರಳೆಣ್ಣೆ ಬಿಟ್ಟಿದ್ದೇನೆ.

ವೆಲ್ಡರನ ಕೈಕೆಳಗೆ ಒಬ್ಬ ಬೇಕಂತೆ. ನಿನ್ನ ಅಳಿಯ ವೀರಭದ್ರ ಕುಲುಮೆಯಲ್ಲಿ ಬೆಳೆದವನು, ಬೆಂಕಿಗೆ ಹೆದರುವುದಿಲ್ಲ. ಕುಲುಮೆ ಕೆಲಸಕ್ಕೆಂದು ಸುಗ್ಗಿಯಲ್ಲಿ ರೈತರು ಅಳೆಯುವ ಆಯದ ಜೋಳ ತಪ್ಪೀತೆಂದು ನೀನೇ ಅವನನ್ನು ಹಿಡಿದಿಟ್ಟಿದ್ದೀ. ಅವನಿಗೆ ಮಗಳನ್ನು ಕೊಟ್ಟಿದ್ದೀಯೋ, ಅವನನ್ನು ಜೋಳ ಕಾಯಲು ಇಟ್ಟಿದ್ದೀಯೋ? ನನ್ನ ಕಣ್ಣು ಕೆಟ್ಟದ್ದು ಸಾಕು, ಅವನಾದರೂ ಕರಿ ಗಾಜು ಹಾಕಲಿ. ಕಾರಹುಣ್ಣಿಮೆಯೊಳಗೆ ಕಳಿಸುತ್ತೀಯೋ ಇಲ್ಲವೋ, ಬರೆ.

ಅಣ್ಣ ಮಾನಪ್ಪ